ಮನೆಯ ಗೋದಾಮಿನಲ್ಲಿ ಕಾಫಿ: ಎಷ್ಟು ಕಾಲ ಕಾಯಬಹುದು?

ಉತ್ತಮ ದ್ರಾಕ್ಷಾರಸವು ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಪಕ್ವವಾಗುತ್ತದೆ; ಕಾಫಿಗೆ ಆ ಭಾಗ್ಯವಿಲ್ಲ. ಆದರೂ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಬೆಳೆಗಾರರ ಮನೆಗಳಲ್ಲಿ ಒಳ್ಳೆಯ ಬೆಲೆಯ ನಿರೀಕ್ಷೆಯಲ್ಲಿ ಕಾಫಿ ಮೂಟೆಗಳು ಮಳೆಗಾಲವನ್ನೂ ಕಳೆಯುವುದುಂಟು.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸುವುದು ಕಡ್ಡಾಯವಾಗಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ದೊರೆತ ಮುಕ್ತ ಮಾರಾಟದ ಹಕ್ಕು 1996ರಲ್ಲಿ ಪೂರ್ಣಗೊಂಡಿತು. ಮಾರುವ ದಿನವನ್ನು ಆರಿಸುವ ಸ್ವಾತಂತ್ರ್ಯದೊಡನೆ ಸರಕನ್ನು ಕಾಪಾಡುವ ಹೊಣೆಯೂ ಬೆಳೆಗಾರರ ಹೆಗಲೇರಿತು.

ದಾಸ್ತಾನಿನ ಆಯುಷ್ಯ ನಿರ್ಧಾರವಾಗುವುದು ಕಣದಲ್ಲಿಯೇ. ಪಾರ್ಚ್‌ಮೆಂಟ್ ಶೇ. 10, ಅರೇಬಿಕಾ ಚೆರ್ರಿ ಶೇ. 10.5, ರೊಬಸ್ಟಾ ಚೆರ್ರಿ ಶೇ. 11ರ ತೇವಾಂಶಕ್ಕೆ ಒಣಗಿರಬೇಕು. ಇದಕ್ಕಿಂತ ಹಸಿಯಾಗಿ ಮೂಟೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಉಂಟುಮಾಡುವ ಆಕ್ರಟಾಕ್ಸಿನ್ ಎಂಬ ವಿಷಾಂಶವು ರಫ್ತಿಗೆ ಅಡ್ಡಿಯಾಗುತ್ತದೆ. ಚೆನ್ನಾಗಿ ಒಣಗಿದ ಕಾಫಿಯೂ ಜೂನ್ ಬಳಿಕ ಮಲೆನಾಡಿನ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ. ಬೀಜದ ಬಣ್ಣ ಬಿಳಿಚುತ್ತದೆ, ಪರಿಮಳ ಕುಗ್ಗುತ್ತದೆ. ವಿಶೇಷವಾಗಿ ಪಾರ್ಚ್‌ಮೆಂಟನ್ನು ಮಳೆಗೆ ಮುನ್ನವೇ ಸಾಗಿಸುವುದು ಲೇಸು.

ಮಂಗಳೂರಿನ 'ಮಾನ್ಸೂನ್ಡ್ ಮಲಬಾರ್' ಇದಕ್ಕೆ ಅಪವಾದವೆನಿಸಬಹುದು. ಆದರೆ ಅಲ್ಲಿ ಆಯ್ದ ಚೆರ್ರಿ ಕಾಫಿಯನ್ನು ತೆರೆದ ಗೋದಾಮುಗಳಲ್ಲಿ ಹರಡಿ, ಕಡಲ ಗಾಳಿಗೆ ಒಡ್ಡಿ, ಮತ್ತೆ ಮತ್ತೆ ಕೆದಕಿ, ವಾರಗಟ್ಟಲೆ ನಿಗಾದಲ್ಲಿ ಉಬ್ಬಿಸಲಾಗುತ್ತದೆ. ಮೂಲೆಯಲ್ಲಿ ಮರೆತ ಮೂಟೆ ಮಾನ್ಸೂನ್ಡ್ ಕಾಫಿಯಾಗದು, ಮುಗ್ಗಲು ಕಾಫಿಯಾಗುತ್ತದೆ.

ಕಾಯಲೇಬೇಕಾದವರು ಚೆರ್ರಿಯನ್ನು ಸಿಪ್ಪೆ ಸಹಿತವಾಗಿಯೇ ಇಡಬೇಕು. ಶುಚಿಯಾದ ಗೋಣಿಚೀಲಗಳನ್ನು ಗೋಡೆಗೆ ತಾಗದಂತೆ ಮರದ ಹಲಗೆಗಳ ಮೇಲೆ ಪೇರಿಸಬೇಕು. ಕಾಫಿ ಪರವಾಸನೆಯನ್ನು ಬೇಗ ಹೀರುವುದರಿಂದ ಗೊಬ್ಬರ, ಕೀಟನಾಶಕ, ಡೀಸೆಲ್‌ಗಳನ್ನು ಅದೇ ಕೋಣೆಯಲ್ಲಿ ಇಡಲಾಗದು. ಆಗಾಗ್ಗೆ ತೇವಾಂಶ ಮಾಪಕದಿಂದ ಪರೀಕ್ಷಿಸುವುದೂ ಅವಶ್ಯ.

ಕಾದವರಿಗೆಲ್ಲ ಲಾಭವೂ ಖಚಿತವಲ್ಲ. 2025ರ ಫೆಬ್ರವರಿಯಲ್ಲಿ ಲಂಡನ್ ವಾಯಿದಾ ಮಾರುಕಟ್ಟೆಯಲ್ಲಿ ಟನ್ನಿಗೆ 5,500 ಡಾಲರ್ ಮೀರಿದ್ದ ರೊಬಸ್ಟಾ, ಜುಲೈ ವೇಳೆಗೆ 3,500 ಡಾಲರ್‌ಗಿಂತ ಕೆಳಗಿಳಿದಿತ್ತು. ಇಂತಹ ಏರಿಳಿತದ ನಡುವೆ ಸಾಲದ ಬಡ್ಡಿ, ತೂಕದ ಇಳಿಕೆ, ಗುಣಮಟ್ಟದ ನಷ್ಟ ಮೂರನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಕೊಯ್ಲಿನ ಖರ್ಚಿಗಾಗುವಷ್ಟನ್ನು ಮೊದಲೇ ಮಾರಿ, ಉಳಿದುದನ್ನು ಮಳೆಗೆ ಮುನ್ನ ಕಂತುಗಳಲ್ಲಿ ವಿಲೇವಾರಿ ಮಾಡುವುದು ಸಣ್ಣ ಬೆಳೆಗಾರರಿಗೆ ಕ್ಷೇಮಕರ. ಬೆಲೆ ಮುಂದಿನ ವರ್ಷ ಮತ್ತೆ ಏರೀತು. ಮುಗ್ಗಿದ ಕಾಫಿಯ ಪರಿಮಳ ಮಾತ್ರ ಮರಳಿ ಬಾರದು.