ಐ.ಬಿ. ತರಗತಿಯ ಅಂಕಗಳೂ ಪಾಲಕರ ಆತಂಕವೂ

ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿನ ಅನೇಕರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ ಎಸ್.ಎಸ್.ಸಿ. ಪರೀಕ್ಷೆಯನ್ನು ದಾಟಿದವರು. ಅವರ ಮೊಮ್ಮಕ್ಕಳಲ್ಲಿ ಕೆಲವರು ಇಂದು ಬಾಂದ್ರಾ ಮತ್ತು ಅದರ ಸುತ್ತಣ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಐ.ಬಿ. ಡಿಪ್ಲೊಮಾ ವ್ಯಾಸಂಗ ಮಾಡುತ್ತಿದ್ದಾರೆ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಈ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಸ್ಥಾಪಿತವಾಯಿತು. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ 2003ರಲ್ಲಿ ಆರಂಭವಾದ ಧೀರೂಭಾಯಿ ಅಂಬಾನಿ ಅಂತರರಾಷ್ಟ್ರೀಯ ಶಾಲೆ ಈ ಪಾಠಕ್ರಮವುಳ್ಳ ನಗರದ ಪ್ರಸಿದ್ಧ ಶಾಲೆಗಳಲ್ಲೊಂದು. ಶುಲ್ಕದ ಭಾರವನ್ನು ಪಾಲಕರು ಹೇಗೋ ಹೊರುತ್ತಾರೆ. ಅವರನ್ನು ಹೆಚ್ಚು ಕಾಡುವುದು ಅಂಕಗಳ ಲೆಕ್ಕ. ಇಲ್ಲಿಯ ವಿಚಾರ ಯಾವುದೇ ಒಂದು ಶಾಲೆಯದಲ್ಲ, ಪದ್ಧತಿಯದು.

ಹನ್ನೊಂದು-ಹನ್ನೆರಡನೆಯ ತರಗತಿಗಳಿಗೆ ಸಮನಾದ ಎರಡು ವರ್ಷಗಳ ಈ ವ್ಯಾಸಂಗದಲ್ಲಿ ಆರು ವಿಷಯಗಳು. ಒಂದೊಂದಕ್ಕೆ 7ರಂತೆ 42, ಪ್ರೌಢಪ್ರಬಂಧ ಮತ್ತು ಜ್ಞಾನಮೀಮಾಂಸೆಗೆ 3, ಒಟ್ಟು 45. ಉತ್ತೀರ್ಣತೆಗೆ ಕೆಲವು ನಿಬಂಧನೆಗಳೊಡನೆ ಕನಿಷ್ಠ 24 ಬೇಕು. ಶ್ರೇಣಿಯ ಗಡಿಗಳು ಪರೀಕ್ಷೆಯಾದ ಮೇಲೆ ಪ್ರತಿ ಸಲವೂ ಹೊಸದಾಗಿ ನಿಶ್ಚಿತವಾಗುತ್ತವೆ. ಹತ್ತನೆಯ ತರಗತಿಯಲ್ಲಿ 95 ತಂದ ಮಗಳು ಇಲ್ಲಿಯ ಮೊದಲ ಕಿರುಪರೀಕ್ಷೆಯಲ್ಲಿ 60 ತಂದಾಗ ತಾಯ್ತಂದೆಯರು ಕಂಗಾಲಾಗುವುದು ಸಹಜವೇ ಆದರೂ, ಆ 60ರ ಬೆಲೆ ಎಷ್ಟೆಂಬುದನ್ನು ಹಳೆಯ ಅಳತೆಗೋಲಿನಿಂದ ತಿಳಿಯಲಾಗದು.

ಬೋಧನೆಯ ಬಗೆಗೂ ದೂರುಗಳಿವೆ. "ಶಿಕ್ಷಕರು ತಿದ್ದಿಕೊಡುವುದಿಲ್ಲ" ಎಂಬುದು ಅವುಗಳಲ್ಲಿ ಮುಖ್ಯ. ಇದರಲ್ಲಿ ಅರ್ಧ ತಪ್ಪು ತಿಳಿವಳಿಕೆಯಿದೆ. ಅಂಕಕ್ಕೆ ಸಲ್ಲುವ ಬರವಣಿಗೆಯ ಒಂದೇ ಒಂದು ಕರಡಿನ ಮೇಲೆ ಮಾತ್ರ ಶಿಕ್ಷಕರು ಸಲಹೆ ನೀಡಬಹುದೆಂಬುದು ಸಂಸ್ಥೆಯ ನಿಯಮ. 4,000 ಶಬ್ದಗಳ ಮಿತಿಯ ಪ್ರೌಢಪ್ರಬಂಧಕ್ಕೆ ದೊರೆಯುವ ಮಾರ್ಗದರ್ಶನವೂ ಒಟ್ಟು ಮೂರರಿಂದ ಐದು ತಾಸು. ಆದರೆ ಉನ್ನತ ಮಟ್ಟದ ವಿಷಯವೊಂದಕ್ಕೆ 240 ತಾಸು, ಸಾಮಾನ್ಯ ಮಟ್ಟದ್ದಕ್ಕೆ 150 ತಾಸು ಪಾಠವಾಗಬೇಕೆಂದು ಅದೇ ಸಂಸ್ಥೆ ಹೇಳಿದೆ. ನಡುವರ್ಷದಲ್ಲಿ ಶಿಕ್ಷಕರು ಬಿಟ್ಟುಹೋಗಿ ಪಾಠ ನಿಂತರೆ ಆ ತಾಸುಗಳ ಲೆಕ್ಕ ಕೇಳುವ ಹಕ್ಕು ಪಾಲಕರಿಗಿದೆ. ಅದನ್ನು ಕೇಳದೆ ಮನೆಪಾಠಕ್ಕೆ ಓಡುವವರೇ ಹೆಚ್ಚು.

ಆಂತರಿಕ ಅಂಕಗಳ ಸಂಶಯ ಇದಕ್ಕಿಂತ ಗಹನವಾದುದು. ಲೆಕ್ಕ ಬರೆದವನೇ ಲೆಕ್ಕ ತಪಾಸಣೆಯನ್ನೂ ಮಾಡಕೂಡದೆಂಬುದು ವಾಣಿಜ್ಯದ ಮೊದಲ ಪಾಠ. ಮಹಾರಾಷ್ಟ್ರದ ಎಸ್.ಎಸ್.ಸಿ. ಮಂಡಳಿ ಭಾಷೆ ಮತ್ತು ಸಮಾಜಶಾಸ್ತ್ರಗಳಲ್ಲಿ ಶಾಲೆಗಳು ಕೊಡುತ್ತಿದ್ದ 20 ಅಂಕಗಳನ್ನು ತೆಗೆದುಹಾಕಿದಾಗ, 2018ರಲ್ಲಿ ಶೇಕಡಾ 89.41 ಇದ್ದ ಫಲಿತಾಂಶ 2019ರಲ್ಲಿ 77.10ಕ್ಕೆ ಕುಸಿಯಿತು. ಆ ಅಂಕಗಳು ಮರಳಿ ಬಂದ 2020ರಲ್ಲಿ ಅದು 95.30ಕ್ಕೆ ಏರಿತು. ಮಕ್ಕಳ ಬುದ್ಧಿ ಎರಡು ವರ್ಷಗಳಲ್ಲಿ ಅಷ್ಟು ಇಳಿದು ಏರಿತೆಂದು ಯಾರೂ ಹೇಳಲಾರರು! ಐ.ಬಿ. ಪದ್ಧತಿಯಲ್ಲಿ ಶಿಕ್ಷಕರಿತ್ತ ಆಂತರಿಕ ಅಂಕಗಳ ಮಾದರಿಗಳನ್ನು ಹೊರಗಿನ ಪರೀಕ್ಷಕರು ಪರಿಶೀಲಿಸಿ, ಅಗತ್ಯವಿದ್ದರೆ ಆ ಶಾಲೆಯ ಎಲ್ಲ ವಿದ್ಯಾರ್ಥಿಗಳ ಅಂಕಗಳನ್ನೂ ಏರಿಳಿಸುತ್ತಾರೆ. ಧಾರಾಳಿ ಶಿಕ್ಷಕರಿಂದ ಲಾಭವಿಲ್ಲವೆಂಬುದು ಇದರಿಂದ ಸ್ಪಷ್ಟ.

ಆದರೂ ಹೊರಗಿನ ತಪಾಸಣೆಯೇ ತಪ್ಪಿದರೆ? 2020ರ ಮೇ ತಿಂಗಳ ಪರೀಕ್ಷೆಗಳು ಕೋವಿಡ್ ಕಾರಣದಿಂದ ರದ್ದಾದವು. ವಿದ್ಯಾರ್ಥಿಯ ಆಂತರಿಕ ಕಾರ್ಯ, ಶಿಕ್ಷಕರ ಅಂದಾಜು ಶ್ರೇಣಿ ಹಾಗೂ ಶಾಲೆಯ ಹಿಂದಿನ ವರ್ಷಗಳ ದಾಖಲೆ, ಈ ಮೂರನ್ನು ಗಣಿತಸೂತ್ರವೊಂದಕ್ಕೆ ಒಳಪಡಿಸಿ 1,70,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಜುಲೈ 5ರಂದು ಫಲಿತಾಂಶ ನೀಡಲಾಯಿತು. ಅಂದಾಜಿಗಿಂತ ಬಹಳ ಕೆಳಗಿನ ಶ್ರೇಣಿ ಪಡೆದವರಿಂದ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಪ್ರತಿಭಟನೆ ಎದ್ದಿತು. ತನ್ನ ಶಾಲೆಯಲ್ಲಿ ಹಿಂದೆ ಓದಿದವರ ಫಲಿತಾಂಶಕ್ಕೆ ತಾನೇಕೆ ಹೊಣೆಯೆಂಬ ವಿದ್ಯಾರ್ಥಿಯ ಪ್ರಶ್ನೆಗೆ ಸಮರ್ಪಕ ಉತ್ತರವಿರಲಿಲ್ಲ. ನಾರ್ವೆಯ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವೂ ಆಕ್ಷೇಪಿಸಿತು. ಕಡೆಗೆ ಆಗಸ್ಟ್ ತಿಂಗಳಲ್ಲಿ ಸಂಸ್ಥೆ ಫಲಿತಾಂಶವನ್ನು ಪರಿಷ್ಕರಿಸಿತು. ಕೆಲವರ ಶ್ರೇಣಿ ಏರಿತು, ಯಾರದೂ ಇಳಿಯಲಿಲ್ಲ. ಅಷ್ಟರಲ್ಲಿ ವಿಶ್ವವಿದ್ಯಾಲಯಗಳ ಪ್ರವೇಶದ ಕಾಲ ಬಹುಮಟ್ಟಿಗೆ ಸರಿದುಹೋಗಿತ್ತು.

ಅಂದಾಜು ಶ್ರೇಣಿಯ ಮಹತ್ವ ಸಾಮಾನ್ಯ ವರ್ಷಗಳಲ್ಲೂ ಕಡಿಮೆಯಿಲ್ಲ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಅದನ್ನು ನೋಡಿಯೇ ಷರತ್ತಿನ ಪ್ರವೇಶ ನೀಡುತ್ತವೆ. ಅದನ್ನು ಹಿಗ್ಗಿಸಿ ಬರೆಯಿರೆಂದು ಶಿಕ್ಷಕರನ್ನು ಒತ್ತಾಯಿಸುವ ಪಾಲಕರು, ಉಬ್ಬಿಸಿದ ಅಂದಾಜು ಅಢಾವೆ ಪತ್ರಿಕೆ ತೋರಿಸಿ ಸಾಲ ಪಡೆಯಹೊರಟ ವ್ಯಾಪಾರಿಯಂತೆ, ಷರತ್ತನ್ನು ಪೂರೈಸುವ ದಿನದಂದು ಸಂಕಟಕ್ಕೆ ಸಿಲುಕುತ್ತಾರೆ.

ಎರಡನೆಯ ವರ್ಷದಲ್ಲಿ ಎಲ್ಲ ವಿಷಯಗಳ ಕರಡುಗಳೂ ಒಂದೇ ಕಾಲಕ್ಕೆ ಮುತ್ತುವುದರಿಂದ ಮಕ್ಕಳ ನಿದ್ರೆ ಹಾಳಾಗುತ್ತದೆ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ರೆ ಅವಶ್ಯವೆಂದು ನಿದ್ರಾತಜ್ಞರು ಹೇಳುತ್ತಾರೆ. ನಡುರಾತ್ರಿ ಎರಡು ಗಂಟೆಯವರೆಗೆ ಕಾಫಿ ಕುಡಿದು ಬರೆಯುವ ಮಗುವಿಗೆ ಪಾಠ ನೆನಪಿರುವುದಿಲ್ಲ, ಹಸಿವೂ ಕೆಡುತ್ತದೆ. ಪಾಲಕರ ಸಭೆಯಲ್ಲಿ ಅಂಕಕ್ಕಿಂತ ಮೊದಲು ಕೇಳಬೇಕಾದುದು ಈ ಗಡುವುಗಳ ವೇಳಾಪತ್ರಿಕೆಯನ್ನು. ಅದರೊಡನೆ ಪ್ರತಿ ವಿಷಯದ ಮೌಲ್ಯಮಾಪನದ ಲಿಖಿತ ಮಾನದಂಡವನ್ನೂ ಕೇಳಿ ಪಡೆಯಬೇಕು. ಅದು ಗುಟ್ಟಿನ ಕಾಗದವಲ್ಲ.

ಅಂತಿಮ ಶ್ರೇಣಿಯ ಬಗ್ಗೆ ಅತೃಪ್ತಿಯಿದ್ದರೆ ಮರುಮೌಲ್ಯಮಾಪನಕ್ಕೆ ಅವಕಾಶವುಂಟು. ಅರ್ಜಿಯನ್ನು ಶಾಲೆಯ ಮುಖಾಂತರವೇ, ಶುಲ್ಕ ತೆತ್ತು, ಗೊತ್ತುಪಡಿಸಿದ ಅವಧಿಯೊಳಗೆ ಸಲ್ಲಿಸಬೇಕು. ಶ್ರೇಣಿ ಏರಿದರೆ ಶುಲ್ಕ ಮರಳುತ್ತದೆ. ಆದರೆ ಶ್ರೇಣಿ ಇಳಿಯುವ ಸಂಭವವೂ ಇರುವುದರಿಂದ ಲಿಖಿತ ಒಪ್ಪಿಗೆ ಕೊಡುವ ಮೊದಲು, ವಿಷಯವನ್ನು ಬಲ್ಲ ಶಿಕ್ಷಕರೊಡನೆ ಕುಳಿತು, ಗಡಿಯಿಂದ ಎಷ್ಟು ಅಂಕಗಳ ಅಂತರವಿದೆಯೆಂದು ನೋಡಿಕೊಳ್ಳುವುದು ಲೇಸು.