ಸೀಟಿ ಒಂದು, ಪಂದ್ಯ ನಾಲ್ಕು

ಭಾನುವಾರ ಬೆಳಿಗ್ಗೆ ಏಳೂವರೆ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಫುಟ್‌ಬಾಲ್ ಹುಚ್ಚಿನ ಬಡಾವಣೆಗಳ ಮೈದಾನದಲ್ಲಿ ಆ ಹೊತ್ತಿಗಾಗಲೇ ಸುಣ್ಣದ ಗೆರೆ ಬಿದ್ದಿರುತ್ತದೆ. ಅಪ್ಪನ ಸ್ಕೂಟರಿನಿಂದ ಇಳಿದ ಹುಡುಗರು ಕಾಲುಚೀಲ ಎಳೆದುಕೊಳ್ಳುತ್ತಿರುತ್ತಾರೆ. ಕೋಚ್‌ಗಳು ಆಟಗಾರರ ಪಟ್ಟಿ ಬರೆಯುತ್ತಿರುತ್ತಾರೆ. ಇವರೆಲ್ಲರಿಗಿಂತ ಮೊದಲೇ ಬಂದ ಒಬ್ಬರು ಗೋಲಿನ ಬಲೆಯನ್ನು ಜಗ್ಗಿ ನೋಡುತ್ತ, ನೆಲದಲ್ಲಿ ಕಲ್ಲು, ಗಾಜಿನ ಚೂರು ಇದೆಯೇ ಎಂದು ಹುಡುಕುತ್ತ ಒಂದು ಸುತ್ತು ಹಾಕಿರುತ್ತಾರೆ. ಅವರು ಆ ದಿನದ ರೆಫರಿ.

ಎಂಟಕ್ಕೆ ಮೊದಲ ಸೀಟಿ. ಅಲ್ಲಿಂದ ಮುಂದೆ ಅವರಿಗೆ ಕುಳಿತುಕೊಳ್ಳಲು ಪುರುಸೊತ್ತಿಲ್ಲ. ಒಂದು ಪಂದ್ಯ ಮುಗಿದ ಹತ್ತು ನಿಮಿಷಕ್ಕೆ ಮತ್ತೊಂದು, ಅದರ ಬೆನ್ನಿಗೆ ಮಗದೊಂದು. ಶಾಲಾ ಟೂರ್ನಿಗಳನ್ನು ಎರಡು ಮೂರು ದಿನಗಳಲ್ಲೇ ಮುಗಿಸಬೇಕು, ಮೈದಾನ ಒಂದೇ, ತಂಡಗಳು ಹಲವು, ರೆಫರಿಗಳು ಕೆಲವರೇ. ಹಾಗಾಗಿ ಒಬ್ಬರೇ ಮೂರೋ ನಾಲ್ಕೋ ಪಂದ್ಯಗಳಿಗೆ ಸಾಲಾಗಿ ಸೀಟಿ ಊದುವುದು ಮಕ್ಕಳ ಫುಟ್‌ಬಾಲಿನಲ್ಲಿ ಹೊಸ ಸಂಗತಿಯೇನಲ್ಲ.

ಗೆದ್ದ ತಂಡದ ಛಾಯಾಚಿತ್ರ ಗೋಡೆಗೆ ಏರುತ್ತದೆ. ಆ ಚಿತ್ರದಲ್ಲಿ ರೆಫರಿ ಇರುವುದಿಲ್ಲ. ಅವರ ಅರ್ಧ ದಿನ ಹೇಗೆ ಕಳೆಯಿತು ಎಂದು ಯೋಚಿಸುವವರೂ ಕಡಿಮೆ.

ನಿಮಿಷಗಳ ಲೆಕ್ಕ

ಒಂದು ಸಣ್ಣ ಲೆಕ್ಕ ಹಾಕೋಣ. ದೊಡ್ಡವರ ಪಂದ್ಯ 45 ನಿಮಿಷಗಳ ಎರಡು ಅವಧಿ, ಒಟ್ಟು 90 ನಿಮಿಷ. ಮಕ್ಕಳ ಪಂದ್ಯದ ಅವಧಿಯನ್ನು ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡಲು ನಿಯಮದಲ್ಲೇ ಅವಕಾಶವಿದೆ. ಬೆಳಿಗ್ಗೆ ಮೊದಲು ಚಿಕ್ಕವರದು 20 ನಿಮಿಷಗಳ ಎರಡು ಅವಧಿ, ಅನಂತರದ ಮೂರು ಪಂದ್ಯಗಳಲ್ಲಿ ಕ್ರಮವಾಗಿ 25, 30, 35 ನಿಮಿಷಗಳ ಎರಡೆರಡು ಅವಧಿ ಎಂದಿಟ್ಟುಕೊಳ್ಳಿ. ಕೂಡಿದರೆ 220 ನಿಮಿಷ. ಅಂದರೆ ಸುಮಾರು ಎರಡೂವರೆ ಪೂರ್ಣ ಪಂದ್ಯಗಳಷ್ಟು ಓಟ. ನಡುವಿನ ವಿರಾಮಗಳನ್ನೂ ಸೇರಿಸಿದರೆ ಕೊನೆಯ ಸೀಟಿಯ ಹೊತ್ತಿಗೆ ಮಧ್ಯಾಹ್ನ ಹನ್ನೆರಡೂವರೆ ದಾಟಿರುತ್ತದೆ.

ಆಟಗಾರನಿಗೆ ಸುಸ್ತಾದರೆ ಕೋಚ್ ಬದಲಿ ಆಟಗಾರನನ್ನು ಇಳಿಸಬಹುದು. ಹಾಗೆ ಹೊರಬಂದ ಹುಡುಗ ದಣಿವಾರಿಸಿಕೊಂಡು ಮತ್ತೆ ಒಳಹೋಗಲೂ ಮಕ್ಕಳ ಪಂದ್ಯಗಳಲ್ಲಿ ಅವಕಾಶ ಕೊಡಬಹುದು. ರೆಫರಿಗೆ ಇಂಥ ಸೌಲಭ್ಯವಿಲ್ಲ.

ಉನ್ನತ ಮಟ್ಟದ ಒಂದು ಪಂದ್ಯದಲ್ಲಿ ರೆಫರಿ 10ರಿಂದ 12 ಕಿಲೋಮೀಟರ್ ಓಡುವುದುಂಟು. ಅಂತರರಾಷ್ಟ್ರೀಯ ಪುರುಷ ರೆಫರಿಗಳಿಗೆಂದು ಫಿಫಾ ರೂಪಿಸಿದ ದೈಹಿಕ ಪರೀಕ್ಷೆಯಲ್ಲಿ 75 ಮೀಟರನ್ನು 15 ಸೆಕೆಂಡಿನೊಳಗೆ ಓಡಿ, 25 ಮೀಟರ್ ನಡೆದು, ಮತ್ತೆ ಓಡಬೇಕು. ಹೀಗೆ 40 ಸಲ. ಶಾಲಾ ಪಂದ್ಯದ ರೆಫರಿಗೆ ಅಷ್ಟು ಕಠಿಣ ಪರೀಕ್ಷೆ ಇಲ್ಲದಿರಬಹುದು. ಆದರೆ ಅವರಿಗೆ ಇನ್ನೊಂದು ತೊಡಕಿದೆ. ದೊಡ್ಡ ಪಂದ್ಯಗಳಲ್ಲಿ ಎರಡೂ ಗೆರೆಗಳ ಬಳಿ ಬಾವುಟ ಹಿಡಿದ ಸಹಾಯಕರಿರುತ್ತಾರೆ. ರೆಫರಿ ಮೈದಾನದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓಡಾಡಿದರೆ ಚೆಂಡು ಸದಾ ಅವರ ಮತ್ತು ಒಬ್ಬ ಸಹಾಯಕರ ನಡುವೆ ಇರುತ್ತದೆ. ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್ ಬಳಕೆಗೆ ತಂದ ಈ ಕ್ರಮವೇ ಇಂದಿಗೂ ನಡೆದಿದೆ. ಮಕ್ಕಳ ಪಂದ್ಯಗಳಲ್ಲಿ ಎಷ್ಟೋ ಸಲ ಸಹಾಯಕರೇ ಇರುವುದಿಲ್ಲ. ಆಫ್‌ಸೈಡ್, ಥ್ರೋ-ಇನ್, ಫೌಲ್, ಗಡಿಯಾರ, ಗೋಲಿನ ಲೆಕ್ಕ ಎಲ್ಲವೂ ಒಂದೇ ತಲೆಯ ಮೇಲೆ.

ಕಾಲಿಗಿಂತ ಮೊದಲು ದಣಿಯುವುದು ಮನಸ್ಸು

ಅನುಭವಿ ರೆಫರಿಗಳ ಕೈಚೀಲವನ್ನು ಇಣುಕಿ ನೋಡಿದರೆ ಅವರ ತಯಾರಿ ಅರ್ಥವಾಗುತ್ತದೆ. ಎರಡು ಸೀಟಿ, ಎರಡು ಗಡಿಯಾರ, ಟಾಸ್‌ಗೆ ನಾಣ್ಯ, ಎರಡು ಪೆನ್ನು, ಒಣ ಕಾಲುಚೀಲ, ಬೇರೆ ಬಣ್ಣದ ಇನ್ನೊಂದು ಅಂಗಿ, ನೀರು, ನಾಲ್ಕು ಬಾಳೆಹಣ್ಣು. ಹೊಟ್ಟೆ ತುಂಬ ತಿಂದರೆ ಓಡಲಾಗದು. ತಿನ್ನದಿದ್ದರೆ ಮೂರನೇ ಪಂದ್ಯಕ್ಕೆ ತಲೆ ಸುತ್ತುತ್ತದೆ. ಹಾಗಾಗಿ ವಿರಾಮದಲ್ಲಿ ಒಂದು ಹಣ್ಣು, ನಾಲ್ಕು ಗುಟುಕು ನೀರು.

ಆದರೆ ಚೀಲದಲ್ಲಿ ತುಂಬಿಕೊಂಡು ಬರಲಾಗದ ಒಂದು ವಸ್ತುವಿದೆ. ಅದು ಗಮನ. ಮೊದಲ ಪಂದ್ಯದಲ್ಲಿ ಹತ್ತು ವರ್ಷದವರು, ನಾಲ್ಕನೇ ನಂಬರಿನ ಸಣ್ಣ ಚೆಂಡು. ಮುಂದೆ ಹದಿನೈದರವರು, ಐದನೇ ನಂಬರಿನ ಚೆಂಡು. ಅವಧಿ ಬೇರೆ, ಬದಲಿ ಆಟಗಾರರ ಲೆಕ್ಕ ಬೇರೆ, ಆಟದ ವೇಗವಂತೂ ಪೂರ್ತಿ ಬೇರೆ. ಹಿಂದಿನ ಪಂದ್ಯದ ಅಂಕಿಗಳನ್ನು ಆ ಪುಟದಲ್ಲೇ ಬರೆದು ಮುಗಿಸಿ, ಹೊಸ ಪುಟ ತೆರೆದು, ಹೊಸ ಪಂದ್ಯದ ಅವಧಿಯನ್ನು ಮೇಲೆಯೇ ಬರೆದುಕೊಳ್ಳದಿದ್ದರೆ ಎಡವಟ್ಟು ಖಂಡಿತ.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಎರಡನೇ ಪಂದ್ಯದಲ್ಲಿ ಹುಡುಗರು ಕೈ ಮಿಲಾಯಿಸಿದರು, ಕೋಚ್ ಒಬ್ಬರು ಏರುದನಿಯಲ್ಲಿ ಜಗಳಕ್ಕೆ ಬಂದರು ಎನ್ನಿ. ಆ ಕಾವು ಆರುವ ಮೊದಲೇ ಮೂರನೆಯದು ಆರಂಭವಾಗುತ್ತದೆ. ಅಲ್ಲಿಯ ಮೊದಲ ಸಾಧಾರಣ ಡಿಕ್ಕಿಗೇ ಕೈ ಜೇಬಿನ ಹಳದಿ ಕಾರ್ಡಿನತ್ತ ಹೋಗಿಬಿಡಬಹುದು. ತಪ್ಪು ಮಾಡಿದವರು ಆಗಲೇ ಮನೆ ಸೇರಿರುತ್ತಾರೆ, ಶಿಕ್ಷೆ ಮಾತ್ರ ಬೇರೆಯವರಿಗೆ!

ಬೇಸಿಗೆಯ ಬಿಸಿಲು ತಾಗದಿರಲೆಂದು ಚಿಕ್ಕ ಮಕ್ಕಳ ಪಂದ್ಯಗಳನ್ನು ಬೆಳಿಗ್ಗೆಯೇ ಮುಗಿಸುವುದುಂಟು. ಹಾಗಾದಾಗ ಅತ್ಯಂತ ವೇಗದ, ಅತ್ಯಂತ ಪೈಪೋಟಿಯ ಹಿರಿಯ ಹುಡುಗರ ಪಂದ್ಯ ಬರುವುದು ರೆಫರಿಯ ಕಾಲು ಸೋತ ಹೊತ್ತಿಗೆ. ರೆಫರಿಗೆ ಅದು ನಾಲ್ಕನೇ ಪಂದ್ಯ. ಆದರೆ ಅಂಕಣಕ್ಕಿಳಿದ 22 ಹುಡುಗರಿಗೆ ಅದು ಆ ದಿನದ ಮೊದಲನೆಯ, ಬಹುಶಃ ಆ ವರ್ಷದ ಬಹು ಮುಖ್ಯವಾದ ಪಂದ್ಯ. ಬೆಳಿಗ್ಗೆ ಎಂಟಕ್ಕೆ ಆಡಿದವರಿಗೆ ಸಿಕ್ಕ ನ್ಯಾಯವೇ ಅವರಿಗೂ ಸಿಗಬೇಕು. ಸಾಲು ಪಂದ್ಯಗಳ ನಿಜವಾದ ಕಷ್ಟ ಇರುವುದು ಇಲ್ಲಿ.

ಮೇಷ್ಟರ ಬಣ್ಣದ ಕಾರ್ಡು

ಫುಟ್‌ಬಾಲಿನ ಆರಂಭದ ದಿನಗಳಲ್ಲಿ ಮೈದಾನದೊಳಗೆ ರೆಫರಿ ಇರಲೇ ಇಲ್ಲ. ಎರಡೂ ತಂಡಗಳು ತಮ್ಮ ತಮ್ಮ ಅಂಪೈರನ್ನು ಕರೆತರುತ್ತಿದ್ದವು. ಇಬ್ಬರಲ್ಲಿ ಒಮ್ಮತ ಬಾರದಿದ್ದರೆ ಗೆರೆಯಾಚೆ ನಿಂತ ರೆಫರಿಯನ್ನು ಕೇಳುತ್ತಿದ್ದರು. ತಮ್ಮವರ ಪರವಾಗಿಯೇ ವಾದಿಸುವ ಅಂಪೈರ್‌ಗಳಿಂದ ಆಟ ಕೆಡುತ್ತದೆಂದು ಮನಗಂಡು 1891ರಲ್ಲಿ ರೆಫರಿಯನ್ನು ಒಳಗೆ ತಂದು ಪೂರ್ಣ ಅಧಿಕಾರ ಕೊಡಲಾಯಿತು. ಅಂಪೈರ್‌ಗಳು ಗೆರೆಯ ಪಕ್ಕಕ್ಕೆ ಸರಿದು ಲೈನ್ಸ್‌ಮನ್‌ಗಳಾದರು.

ಹಳದಿ, ಕೆಂಪು ಕಾರ್ಡುಗಳ ಕಥೆಯೂ ಸ್ವಾರಸ್ಯವಾಗಿದೆ. ಅದರ ಹಿಂದಿರುವವರು ಕೆನ್ ಆಸ್ಟನ್ ಎಂಬ ಇಂಗ್ಲಿಷ್ ಶಾಲಾ ಮೇಷ್ಟರು, ವಿಶ್ವಕಪ್ ರೆಫರಿಯೂ ಹೌದು. 1966ರ ವಿಶ್ವಕಪ್‌ನ ಇಂಗ್ಲೆಂಡ್–ಅರ್ಜೆಂಟೀನಾ ಪಂದ್ಯದಲ್ಲಿ ಯಾರಿಗೆ ಎಚ್ಚರಿಕೆ ಕೊಟ್ಟದ್ದು, ಯಾರನ್ನು ಹೊರಗೆ ಕಳಿಸಿದ್ದು ಎಂಬುದೇ ಗೊಂದಲವಾಯಿತು. ಅದನ್ನೇ ಯೋಚಿಸುತ್ತ ಲಂಡನ್ನಿನಲ್ಲಿ ಕಾರು ಓಡಿಸುತ್ತಿದ್ದ ಆಸ್ಟನ್‌ಗೆ ರಸ್ತೆಯ ಸಿಗ್ನಲ್ ದೀಪ ಕಂಡಿತು. ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ನಿಲ್ಲು! 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡುಗಳು ಬಳಕೆಗೆ ಬಂದವು. 2019ರಿಂದ ಕೋಚ್‌ಗಳಿಗೂ ಅವನ್ನು ತೋರಿಸಬಹುದಾಗಿದೆ.

ಹಾಗೆಂದು ಮಕ್ಕಳ ಪಂದ್ಯದಲ್ಲಿ ಮಾತುಮಾತಿಗೆ ಕಾರ್ಡು ತೆಗೆದರೆ ಆದೀತೇ? ಎಚ್ಚರಿಕೆ ಪಡೆದ ಹುಡುಗನನ್ನು ಕೆಲವು ನಿಮಿಷ ಮಾತ್ರ ಹೊರಗೆ ಕೂರಿಸುವ ಪದ್ಧತಿಗೂ ಮಕ್ಕಳ ಟೂರ್ನಿಗಳಲ್ಲಿ ಅವಕಾಶವಿದೆ. ಸಿಟ್ಟು ಇಳಿದ ಮೇಲೆ ಅವನು ಮತ್ತೆ ಆಡುತ್ತಾನೆ. ಎಷ್ಟೋ ಸಲ ಅದೂ ಬೇಕಾಗುವುದಿಲ್ಲ. ಥ್ರೋ-ಇನ್ ಎಸೆಯುವಾಗ ಕಾಲೆತ್ತಿದ ಹತ್ತು ವರ್ಷದವನಿಗೆ, "ಎರಡೂ ಕಾಲು ನೆಲದ ಮೇಲಿರಲಿ, ಮರಿ" ಎಂದು ಹೇಳಿಕೊಡುವುದರಲ್ಲೇ ಕೆಲಸ ಮುಗಿಯುತ್ತದೆ. ಬಿದ್ದು ಅಳುವವನನ್ನು ಎಬ್ಬಿಸುವುದು, ಬಿಚ್ಚಿದ ಬೂಟಿನ ದಾರ ಕಟ್ಟುವವರೆಗೆ ಕಾಯುವುದು ಎಲ್ಲವೂ ಇಲ್ಲಿ ರೆಫರಿಯ ಕೆಲಸವೇ. ತಲೆಗೆ ಪೆಟ್ಟು ಬಿದ್ದಾಗ ಮಾತ್ರ ಕಾಯುವಂತಿಲ್ಲ. ಆಟ ನಿಲ್ಲಿಸಲೇಬೇಕು.

ಗೆರೆಯಾಚೆಯ ಕೂಗು

"ಸರ್, ಹ್ಯಾಂಡ್‌ಬಾಲ್ ಸರ್!" ಎಂದು ಹುಡುಗರು ಕೂಗುವುದು ಸಹಜ. ಆದರೆ "ಕಣ್ಣು ಕಾಣಲ್ವೇನ್ರೀ ರೆಫರಿ?" ಎಂಬ ಗಡಸು ದನಿ ಬರುವುದು ಗೆರೆಯಾಚೆ ನಿಂತ ದೊಡ್ಡವರಿಂದ. ಅವರಲ್ಲಿ ಎಷ್ಟೋ ಮಂದಿ ಆಫ್‌ಸೈಡ್ ನಿಯಮವನ್ನು ಒಮ್ಮೆಯೂ ಓದಿರುವುದಿಲ್ಲ.

ಈ ಕೂಗು ತೀರ್ಪಿನ ಮೇಲೆ ಪರಿಣಾಮ ಮಾಡುತ್ತದೆಯೇ? ಇಂಗ್ಲೆಂಡಿನ ಸಂಶೋಧಕರು 40 ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಸದ್ದು ಕೇಳಿಸಿದರು, ಉಳಿದವರಿಗೆ ಇಲ್ಲ. ಸದ್ದು ಕೇಳಿದವರು ತವರಿನ ತಂಡದ ವಿರುದ್ಧ ಕಡಿಮೆ ಫೌಲ್ ಕೊಟ್ಟರೆಂದು 2002ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿತು. ತರಬೇತಾದ ಮನಸ್ಸೂ ಗದ್ದಲಕ್ಕೆ ಬಾಗುತ್ತದೆ ಎಂದಾಯಿತು. ದಣಿದ ಮನಸ್ಸಿನ ಪಾಡು ಹೇಳಬೇಕೇ?

ಕೂಗು ಅಲ್ಲಿಗೇ ನಿಲ್ಲದಿರುವುದೂ ಉಂಟು. ನೆದರ್ಲೆಂಡ್ಸ್‌ನ ಆಲ್ಮೆರೆ ಪಟ್ಟಣದಲ್ಲಿ 2012ರ ಡಿಸೆಂಬರ್‌ನಲ್ಲಿ ಹುಡುಗರ ಪಂದ್ಯವೊಂದು ನಡೆಯಿತು. ಆಡುತ್ತಿದ್ದ ಬಾಲಕನೊಬ್ಬನ ತಂದೆ, 41 ವರ್ಷದವರು, ಸ್ವಯಂಸೇವಕರಾಗಿ ಬಾವುಟ ಹಿಡಿದಿದ್ದರು. ಪಂದ್ಯ ಮುಗಿದ ಮೇಲೆ ಎದುರು ತಂಡದ ಹುಡುಗರು ಅವರನ್ನು ಒದ್ದು ಹೊಡೆದರು. ಮರುದಿನ ಅವರು ತೀರಿಕೊಂಡರು. ಮುಂದಿನ ವಾರಾಂತ್ಯ ಆ ದೇಶದಲ್ಲಿ ಹವ್ಯಾಸಿ ಪಂದ್ಯಗಳನ್ನೆಲ್ಲ ರದ್ದು ಮಾಡಲಾಯಿತು. 2013ರಲ್ಲಿ ನ್ಯಾಯಾಲಯ ಆರು ಮಂದಿ ಹದಿಹರೆಯದವರನ್ನು ಶಿಕ್ಷಿಸಿತು. ಜತೆಗೆ ಅವರಲ್ಲೊಬ್ಬನ ತಂದೆಯನ್ನೂ.

ಆ ಕೊನೆಯ ಮಾತನ್ನು ಪೋಷಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ರೆಫರಿಯನ್ನು ಬೈಯುವ ಅಪ್ಪನ ಮಗ್ಗುಲಲ್ಲಿ ನಿಂತ ಮಗು ಆ ದಿನ ಕಲಿಯುವ ಪಾಠ ಫುಟ್‌ಬಾಲಿನದಲ್ಲ.

ಕೈ ಕುಲುಕುವ ಐದು ಸೆಕೆಂಡು

ಪೋಷಕರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿ. ಒಳ್ಳೆಯ ಆಟಕ್ಕೆ, ಎದುರು ತಂಡದ್ದಾದರೂ, ಚಪ್ಪಾಳೆ ತಟ್ಟಿ. ತೀರ್ಪು ತಪ್ಪೆನಿಸಿದರೆ ಮನೆಗೆ ಹೋಗುವ ದಾರಿಯಲ್ಲಿ ಮಗನ ಜತೆ, ಮಗಳ ಜತೆ ನಿಯಮ ಚರ್ಚಿಸಿ. ಆಟದ ನಿಯಮಗಳು ಹದಿನೇಳೇ. ಒಂದು ಸಂಜೆಗೆ ಓದಿ ಮುಗಿಸಬಹುದು. ರೆಫರಿಯ ಬಳಿ ಹೋಗಿ ಕೇಳುವವನು ನಾಯಕನೊಬ್ಬನೇ ಆಗಿರಲಿ ಎಂಬ ಕ್ರಮಕ್ಕೆ 2025–26ರ ನಿಯಮಾವಳಿ ಮಾರ್ಗಸೂಚಿಯನ್ನೂ ಕೊಟ್ಟಿದೆ. ಶಾಲಾ ತಂಡಗಳೂ ಅದನ್ನು ರೂಢಿಸಿಕೊಳ್ಳಬಹುದು.

ಆಟದಲ್ಲಿ ಆಸಕ್ತಿಯಿದ್ದೂ ತಂಡದಲ್ಲಿ ಸ್ಥಾನ ಸಿಗದ ವಿದ್ಯಾರ್ಥಿಗಳಿಗೆ ಸೀಟಿಯೂ ಒಂದು ದಾರಿ. ರಾಜ್ಯ ಫುಟ್‌ಬಾಲ್ ಸಂಸ್ಥೆಗಳು ನಿಯಮಗಳ ಪರೀಕ್ಷೆ, ಓಟದ ಪರೀಕ್ಷೆ ನಡೆಸಿ ರೆಫರಿಗಳನ್ನು ಆರಿಸುತ್ತವೆ. ತಮಿಳುನಾಡಿನ ಕೆ. ಶಂಕರ್ 2002ರ ವಿಶ್ವಕಪ್‌ನಲ್ಲಿ ಸಹಾಯಕ ರೆಫರಿಯಾಗಿದ್ದರು. ಗೋವಾದ ಉವೆನಾ ಫರ್ನಾಂಡಿಸ್ 2016ರಲ್ಲಿ ಜೋರ್ಡಾನ್‌ನಲ್ಲಿ ನಡೆದ ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್‌ನಲ್ಲಿ ಬಾವುಟ ಹಿಡಿದರು. ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ.

ಮತ್ತೆ ಆ ಮೈದಾನಕ್ಕೆ ಬರೋಣ. ಮಧ್ಯಾಹ್ನ ಹನ್ನೆರಡೂವರೆ ದಾಟಿದೆ. ಸುಣ್ಣದ ಗೆರೆ ಅರ್ಧ ಅಳಿಸಿದೆ. ರೆಫರಿಯ ಅಂಗಿ ಬೆವರಿಗೆ ಬೆನ್ನಿಗಂಟಿದೆ. ಗೆಲ್ಲುವ ಗೋಲಿಗಾಗಿ ಹುಡುಗನೊಬ್ಬ ನುಗ್ಗುತ್ತಾನೆ, ಪೆನಾಲ್ಟಿ ಆವರಣದ ಅಂಚಿನಲ್ಲಿ ಬೀಳುತ್ತಾನೆ. ಒಳಗೋ, ಹೊರಗೋ? ಇಪ್ಪತ್ತು ಮೀಟರ್ ಹಿಂದೆ ಉಳಿದವರಿಗೆ ಅದು ಕಾಣದು. ಕಾಲು ಬೇಡವೆಂದರೂ ಕೊನೆಯ ಓಟ ಓಡಿ ಹತ್ತಿರ ಬಂದ ರೆಫರಿಗೆ ಮಾತ್ರ ಕಾಣುತ್ತದೆ. ಹೊರಗೆ. ಫ್ರೀ ಕಿಕ್.

ಕೆಲವು ನಿಮಿಷಗಳಲ್ಲಿ ಮೂರು ಸಲ ಉದ್ದನೆಯ ಸೀಟಿ. ಸೋತ ತಂಡದ ನಾಯಕ ಮುಖ ಒರೆಸಿಕೊಳ್ಳುತ್ತ ಬಂದು ಕೈ ಚಾಚುತ್ತಾನೆ: "ಥ್ಯಾಂಕ್ಸ್ ಸರ್." ಮುಂದಿನ ಭಾನುವಾರ ಬೆಳಿಗ್ಗೆ ಏಳೂವರೆಗೆ ಮತ್ತೆ ಅದೇ ಮೈದಾನಕ್ಕೆ ಬರಲು ರೆಫರಿಗೆ ಅಷ್ಟು ಸಾಕು.