ಮನೆಯಲ್ಲಿ ರಕ್ತದೊತ್ತಡದ ಅಳತೆ

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತಂದ ರೈತನು ತೂಕ ಮುಗಿಯುವವರೆಗೆ ತಕ್ಕಡಿಯಿಂದ ಕಣ್ಣು ಕದಲಿಸುವುದಿಲ್ಲ. ಚನ್ನಪಟ್ಟಣದ ಗೊಂಬೆಯ ಕುಶಲಕರ್ಮಿಯು ಹಾಲೆಮರದ ತುಂಡನ್ನು ಕಡೆಯುವಾಗ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಒಪ್ಪುವುದಿಲ್ಲ. ಅಳತೆಯಲ್ಲಿ ಇಷ್ಟು ಎಚ್ಚರವುಳ್ಳ ನಮ್ಮ ಜನ ತಮ್ಮ ರಕ್ತದೊತ್ತಡವನ್ನು ಅಳೆದುಕೊಳ್ಳುವಾಗ ಮಾತ್ರ ಆ ಎಚ್ಚರವನ್ನು ಮರೆಯುವುದುಂಟು.

ಹರಿಯುವ ರಕ್ತವು ಅಪಧಮನಿಯ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ. ಹೃದಯವು ಸಂಕೋಚಿಸಿದಾಗ ಅದು ಏರುತ್ತದೆ, ವಿಕಸಿಸಿದಾಗ ಇಳಿಯುತ್ತದೆ. ಆದುದರಿಂದಲೇ ಎರಡು ಅಂಕಿಗಳು. 1896ರಲ್ಲಿ ಇಟಲಿಯ ವೈದ್ಯ ರಿವಾ-ರೋಚಿಯವರು ತೋಳಿಗೆ ಸುತ್ತುವ ಗಾಳಿಪಟ್ಟಿಯ ಉಪಕರಣವನ್ನು ಬಳಕೆಗೆ ತಂದರು. 1905ರಲ್ಲಿ ರಷ್ಯದ ಕೊರೊಟ್ಕಾಫ್ ಅವರು, ಆ ಪಟ್ಟಿಯ ಗಾಳಿಯನ್ನು ಮೆಲ್ಲಗೆ ಬಿಡುವಾಗ ಸ್ಟೆತಾಸ್ಕೋಪಿನಲ್ಲಿ ಕೇಳುವ ಸದ್ದುಗಳಿಂದ ಎರಡೂ ಅಂಕಿಗಳನ್ನು ಗುರುತಿಸುವ ಕ್ರಮವನ್ನು ತಿಳಿಸಿದರು. ಇಂದು ಮನೆಗಳಲ್ಲಿರುವ ವಿದ್ಯುನ್ಮಾನ ಯಂತ್ರವು ಮಿಡಿತದಿಂದ ಪಟ್ಟಿಯಲ್ಲುಂಟಾಗುವ ಕಂಪನವನ್ನು ಗ್ರಹಿಸಿ ಲೆಕ್ಕ ಹಾಕುತ್ತದೆ. ತೋಳು ಅಲುಗಿದರೆ ಲೆಕ್ಕವೂ ಅಲುಗುತ್ತದೆ.

ಕನಕಪುರದ ಸಮೀಪದ ಹಿರಿಯರೊಬ್ಬರನ್ನು ಊಹಿಸಿಕೊಳ್ಳಿ. ಸಂತೆಯಿಂದ ನಡೆದು ಬಂದು, ಕಾಫಿ ಕುಡಿದು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಅಂಗಿಯ ಮೇಲೆಯೇ ಪಟ್ಟಿ ಸುತ್ತಿ, ಮೊಮ್ಮಗನೊಡನೆ ಮಾತನಾಡುತ್ತ ಅಳೆಯುತ್ತಾರೆ. ಮೇಲಿನ ಅಂಕಿ 158. ಗಾಬರಿಯಿಂದ ಒಂದು ಮಾತ್ರೆಯನ್ನು ಹೆಚ್ಚಾಗಿ ನುಂಗುತ್ತಾರೆ. ರಾತ್ರಿ ಎದ್ದಾಗ ತಲೆ ಸುತ್ತಿ ಬೀಳುತ್ತಾರೆ. ಇನ್ನೊಬ್ಬರು ಒಂದು ದಿನ 124 ಕಂಡು, ರೋಗ ಹೋಯಿತೆಂದು ಮಾತ್ರೆಯನ್ನೇ ನಿಲ್ಲಿಸುತ್ತಾರೆ; ಕೆಲವು ತಿಂಗಳ ಮೇಲೆ ಲಕ್ವ ಬಡಿಯುತ್ತದೆ. ಇಬ್ಬರನ್ನೂ ಕೆಡಿಸಿದ್ದು ಒಂದೇ ಅಳತೆಯ ಮೇಲಿಟ್ಟ ನಂಬಿಕೆ.

ಹಾಗಾದರೆ ಸರಿಯಾದ ಕ್ರಮವೇನು? ಸಾವನದುರ್ಗವನ್ನು ಹತ್ತುತ್ತಿರುವವನ ಒತ್ತಡ ಏರುವುದು ಸಹಜ, ಅದು ರೋಗವಲ್ಲ. ಆದ್ದರಿಂದ ಅಳೆಯುವ ಮುನ್ನ ಅರ್ಧ ಗಂಟೆ ಶ್ರಮ, ಕಾಫಿ, ಚಹ, ಬೀಡಿ ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಮೌನವಾಗಿ ಕುಳಿತಿರಬೇಕು. ಬರಿಯ ತೋಳಿಗೆ ಪಟ್ಟಿ ಸುತ್ತಿ, ತೋಳನ್ನು ಮೇಜಿನ ಮೇಲೆ ಹೃದಯದ ಮಟ್ಟದಲ್ಲಿಡಬೇಕು. ತೊಟ್ಟಿಯ ನೀರು ತಗ್ಗಿನ ನಲ್ಲಿಯಲ್ಲಿ ರಭಸದಿಂದ ಬರುವಂತೆ, ತೋಳು ಹತ್ತು ಸೆಂಟಿಮೀಟರು ಕೆಳಗಿಳಿದರೆ ಅಂಕಿ ಸುಮಾರು 7–8ರಷ್ಟು ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಅಂಕಿ ಸುಳ್ಳಾಗಿ ಹೆಚ್ಚುತ್ತದೆ.

ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಿರಿ. ಬೆಳಿಗ್ಗೆ ಮಾತ್ರೆಗೆ ಮುನ್ನ, ಮತ್ತೆ ಸಂಜೆ, ಹೀಗೆ ಏಳು ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕವೆಂದು ಪರಿಗಣಿಸುತ್ತಾರೆ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಬಳಸುವ ಗಡಿ 140/90. ಮೊದಲ ಸಲ ಎರಡೂ ತೋಳುಗಳಲ್ಲಿ ಅಳೆದು, ಹೆಚ್ಚು ತೋರಿದ ತೋಳನ್ನೇ ಮುಂದೆ ಬಳಸಬೇಕು. ನಾಡಿಯ ಲಯ ತಪ್ಪಿರುವವರಲ್ಲಿ ಯಂತ್ರದ ಅಂಕಿಯನ್ನು ಪೂರ್ಣ ನಂಬಲಾಗದು.

ಅಂಕಿ 180/120 ದಾಟಿ, ಎದೆನೋವು, ಉಸಿರುಕಟ್ಟು, ಮಾತು ತೊದಲುವುದು ಅಥವಾ ಕೈಕಾಲಿನ ಶಕ್ತಿಗುಂದುವುದು ಕಂಡರೆ ಮತ್ತೆ ಮತ್ತೆ ಅಳೆಯುತ್ತ ಕೂಡದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಅಂಥ ಲಕ್ಷಣಗಳಿದ್ದರೆ ಅಂಕಿ ಕಡಿಮೆಯಿದ್ದರೂ ತಡಮಾಡಬಾರದು. ಉಳಿದ ವೇಳೆ ಆ ಏಳು ದಿನಗಳ ಚೀಟಿಯನ್ನು ವೈದ್ಯರ ಮುಂದಿಡಿ. ಅಳೆಯುವುದು ನಮ್ಮ ಕೆಲಸ. ಮಾತ್ರೆಯನ್ನು ಏರಿಸುವುದು, ಇಳಿಸುವುದು ಅವರ ಕೆಲಸ.